ಒಂದು ಸಾಲು, ಒಂದು ಏಟು

ಅವರ ಬಲಗೈ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಮಿಕ್ಕಿದ್ದನ್ನೆಲ್ಲ ಮೊನ್ನೆಯ ಶ್ರದ್ಧಾಂಜಲಿ ಸಭೆಯಲ್ಲಿ ಬೇರೆಯವರು ಹೇಳಿದ್ದಾಗಿದೆ. ಶಿಸ್ತಿನ ಮನುಷ್ಯ ಎಂದರು, ವಿದ್ಯಾರ್ಥಿಗಳ ಪಾಲಿನ ದೇವರು ಎಂದರು, ಗದರಿದರೂ ಮನಸ್ಸು ಬೆಣ್ಣೆ ಎಂದರು. ನಾನೂ ಮೈಕಿನ ಮುಂದೆ ನಿಂತು ಅಂಥದೇ ನಾಲ್ಕು ಮಾತು ಆಡಿ ಇಳಿದು ಬಂದೆ. ಬೆಣ್ಣೆಯಂತೆ! ಆ ಕೈಯ ರುಚಿ ಕಂಡವರು ಬೆಣ್ಣೆಯ ಮಾತು ಎತ್ತಬಾರದು. ಅಗಲವಾದ ಅಂಗೈ, ಮೋಟು ಬೆರಳುಗಳು, ಹೆಬ್ಬೆರಳಿನ ಬುಡದಲ್ಲಿ ಕುಡುಗೋಲು ತಾಗಿದ ಹಳೆಯ ಗುರುತು. ಇಲವಾಲದ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿ, ಹದಿನೆಂಟು ವರ್ಷದವರೆಗೆ ಉತ್ತು ಬಿತ್ತಿ, ಆಮೇಲೆ ಕೀಬೋರ್ಡಿಗೆ ಬಂದ ಕೈ ಅದು. ಕೀಬೋರ್ಡಿನ ಮೇಲೆ ಎಷ್ಟು ಹಗುರವಾಗಿ ಓಡುತ್ತಿತ್ತೆಂದರೆ ಸದ್ದೇ ಕೇಳುತ್ತಿರಲಿಲ್ಲ. ಸದ್ದೆಲ್ಲ ನಮ್ಮ ಕೆನ್ನೆಗಳಿಗೆ ಮೀಸಲಾಗಿತ್ತು.

ನಗರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ಮೇಷ್ಟ್ರು. ನನಗೆ ಮೂರು ವರ್ಷ ಗುರು, ಆಮೇಲೆ ಹದಿಮೂರು ವರ್ಷ ಸಹೋದ್ಯೋಗಿ. ನನ್ನ ಎಡಗಿವಿ ಕೇಳುವುದಿಲ್ಲ. ಅದು ಅವರ ಕೈಯ ಕೆಲಸ. ಆ ಏಟು ಬಿದ್ದಾಗ ನಾನು ಅವರಿಗೆ ಒಂದು ವಾಕ್ಯ ಹೇಳುತ್ತಿದ್ದೆ, ಅರ್ಧ ಹೇಳಿದ್ದೆ. ಉಳಿದರ್ಧವನ್ನೂ ಹೇಳಿ ಮುಗಿಸಬೇಕು, ಅವರು ಒಮ್ಮೆ ಕೊನೆಯವರೆಗೆ ಕೇಳಿಸಿಕೊಳ್ಳಬೇಕು ಎಂಬುದೊಂದೇ ಆಸೆಯಿಂದ ಇಪ್ಪತ್ತು ವರ್ಷಕ್ಕೂ ಮೇಲೆ ಅವರ ಹಿಂದೆಮುಂದೆ ಓಡಾಡಿದೆ. ಕಿವಿ ಹೋದದ್ದಕ್ಕಿಂತ ಆ ಅರ್ಧ ವಾಕ್ಯವೇ ನನ್ನನ್ನು ಹೆಚ್ಚು ಸುಟ್ಟಿದೆ.

ಅವರ ಮೊದಲ ತರಗತಿಯೇ ಹೊಡೆತದಿಂದ ಶುರುವಾಯಿತು. ಮಡಿಸಿದ ಹಾಳೆಯೊಂದನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಐದು ಸಾಲು.

"ಒಂದು ಸಾಲು ಓದು, ಅದನ್ನ ಮಾಡು. ಮಾಡಿದ್ಮೇಲೇ ಮುಂದಿನ ಸಾಲು ಬಿಚ್ಬೇಕು. ಗೊತ್ತಾಯ್ತಾ?" ಅಂದರು. ನನ್ನ ಪಕ್ಕದ ಬೆಂಚಿನವನನ್ನು ಎಬ್ಬಿಸಿ ಬೋರ್ಡಿನ ಹತ್ತಿರ ನಿಲ್ಲಿಸಿದರು.

ಮೊದಲ ಸಾಲು, ಮೂರು ಹೆಜ್ಜೆ ಮುಂದೆ ಹೋಗು. ಹೋದೆ. ಎರಡನೆಯದು, ಬಲಕ್ಕೆ ತಿರುಗು. ತಿರುಗಿದೆ, ಎದುರಿಗೆ ಅವನು ನಿಂತಿದ್ದ. ಮೂರನೆಯದು, ಕೈ ಎತ್ತು. ನಾಲ್ಕನೆಯದು, ಎದುರಿಗಿರುವವನ ಕೆನ್ನೆಗೆ ಬಾರಿಸು. ನಾನು ಹಲ್ಲು ಕಿರಿದು ಅವನ ಕೆನ್ನೆಯನ್ನು ಮೆಲ್ಲಗೆ ಮುಟ್ಟಿದೆ.

"ಅದೇನ್ಲಾ ಸವರ್ತೀಯ? ಸವರು ಅಂತ ಬರ್ದಿದೀನಾ? ಬಾರಿಸು ಅಂತ ಬರ್ದಿದೀನಿ. ನೀನು ಬಾರಿಸ್ತೀಯೋ, ನಾನು ನಿಂಗೆ ಬಾರಿಸ್ಲೋ?"

ನಾನು ಬಾರಿಸಿದೆ. ಹೆದರಿಕೆಯಲ್ಲಿ ಕೈ ಜೋರಾಗಿಯೇ ಬಿತ್ತು. ಅವನ ತುಟಿ ಹಲ್ಲಿಗೆ ಸಿಕ್ಕಿ ಸೀಳಿ ಅಂಗಿಯ ಮೇಲೆ ರಕ್ತ ತೊಟ್ಟಿಕ್ಕಿತು. ನಾನು ಐದನೆಯ ಸಾಲು ಬಿಚ್ಚಿದೆ. ಅದು ಯಾವ ಭಾಷೆಯದೂ ಅಲ್ಲ, ಅಕ್ಷರಗಳ ಕಲಸುಮೇಲೋಗರ. "ಇದನ್ನ ಓದಕ್ಕಾಗ್ತಿಲ್ಲ ಸಾರ್" ಅಂದೆ. "ಆಗ್ಲಿಲ್ವಾ? ಅಂಗಾದ್ರೆ ಅಲ್ಲೇ ನಿಂತ್ಕೊ" ಅಂದರು.

ಅದೇ ಹಾಳೆಯನ್ನು ಮುಂದಿನ ಸಾಲಿನ ಹುಡುಗಿಯೊಬ್ಬಳಿಗೆ ಕೊಟ್ಟರು. ಅವಳಿಗೆ ಕೊಟ್ಟ ಅಪ್ಪಣೆ ಬೇರೆ. "ನೀನು ಐದೂ ಸಾಲು ಪೂರ್ತಿ ಓದಮ್ಮ. ಎಲ್ಲ ಸರಿಯಿದ್ರೆ ನಿನ್ನ ಮಾತಲ್ಲಿ ಇನ್ನೊಂದು ಹಾಳೇಗೆ ಬರ್ಕೋ. ಆಮೇಲೆ ಆ ಹಾಳೆ ನೋಡ್ಕೊಂಡು ಮಾಡು." ಅವಳು ಓದಿದಳು. "ಐದನೇ ಸಾಲು ತಪ್ಪಿದೆ ಸಾರ್. ನಾನು ಏನೂ ಮಾಡಲ್ಲ" ಎಂದು ಕೂತುಬಿಟ್ಟಳು.

"ನೋಡಿದ್ರಾ? ನಾವು ಬರ್ದಿದ್ದನ್ನ ಮಿಷನ್‌ಗೆ ತರ್ಜುಮೆ ಮಾಡೋ ಪ್ರೋಗ್ರಾಮು ಎರಡು ಥರ. ಇವ್ಳು ಕಂಪೈಲರ್. ಅವ್ನು ಇಂಟರ್‌ಪ್ರಿಟರ್. ಇಬ್ರಿಗೂ ಕೊಟ್ಟಿದ್ದು ಒಂದೇ ಹಾಳೆ, ತಪ್ಪಿರೋದೂ ಒಂದೇ ಸಾಲಲ್ಲಿ. ಇವ್ಳು ಮೊದ್ಲೇ ತಪ್ಪು ಹಿಡಿದು ಏನೂ ಮಾಡ್ದೆ ಕೂತ್ಲು. ಅವ್ನ ಕೈಲಿ ಏಟು ಬಿದ್ದಾಯ್ತು. ತಪ್ಪು ಆಮೇಲೆ ಗೊತ್ತಾಯ್ತು, ಆದ್ರೆ ಬಿದ್ದ ಏಟನ್ನ ವಾಪಸ್ ತಗಳಕ್ಕಾಗಲ್ಲ."

ಅವರು ಮುಂದುವರಿಸಿದರು. ಹಾಗಂತ ಇಂಟರ್‌ಪ್ರಿಟರ್ ದಡ್ಡನಲ್ಲ. ಅದು ತಡಮಾಡುವುದಿಲ್ಲ, ಹೇಳಿದ ತಕ್ಷಣ ಕೆಲಸಕ್ಕಿಳಿಯುತ್ತದೆ, ಎಲ್ಲಿ ಎಡವಿತೋ ಅಲ್ಲೇ ನಿಂತು ತೋರಿಸುತ್ತದೆ, ತಿದ್ದಿ ಮತ್ತೆ ಓಡಿಸಬಹುದು. ಕಂಪೈಲರ್ ಶುರುವಿಗೆ ಹೊತ್ತು ತೆಗೆದುಕೊಳ್ಳುತ್ತದೆ, ಆದರೆ ಒಮ್ಮೆ ತರ್ಜುಮೆ ಮುಗಿದರೆ ಆ ಹಾಳೆ ನೋಡಿಕೊಂಡು ಯಂತ್ರ ನಾಗಾಲೋಟದಲ್ಲಿ ಓಡುತ್ತದೆ. ಇಷ್ಟು ಹೇಳಿ, "ಸರಿ, ನಾನು ಇವೆರಡ್ರಲ್ಲಿ ಯಾವ್ದು ಹೇಳಿ ನೋಡಾಣ?" ಎಂದು ಕೇಳಿದರು. ತುಟಿ ಸೀಳಿಸಿಕೊಂಡಿದ್ದವನು ಕರವಸ್ತ್ರದ ಹಿಂದಿನಿಂದ "ಇಂಟರ್‌ಪ್ರಿಟರ್ ಸಾರ್" ಅಂದ. ಅವರು ಹತ್ತಿರ ಹೋಗಿ "ಸರಿಯಾದ ಉತ್ತರ" ಎಂದು ಹೇಳಿಯೇ ಅವನ ಬೆನ್ನಿಗೆ ಗುದ್ದಿದರು. ನಾವು ನಕ್ಕೆವು. ಹದಿನೇಳು ವರ್ಷದವರಿಗೆ ಇನ್ನೊಬ್ಬನ ಬೆನ್ನಿಗೆ ಬಿದ್ದ ಗುದ್ದು ತಮಾಷೆಯಾಗಿಯೇ ಕಾಣುತ್ತದೆ.

ಆ ಪಾಠವನ್ನು ನಾನು ಈವರೆಗೆ ಮರೆತಿಲ್ಲ. ಇದನ್ನೇ ಹಿಡಿದು, ಹೊಡೆದದ್ದರಿಂದಲೇ ಕಲಿತೆವು ಎನ್ನುವ ಮಂದಿ ಸಭೆಯಲ್ಲಿ ಬಹಳ ಇದ್ದರು. ನನಗೆ ಅಂಥವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಪಾಠ ಚೆನ್ನಾಗಿತ್ತು, ಅದಕ್ಕೆ ಕಲಿತೆವು. ಏಟು ಬೇರೆ ಲೆಕ್ಕ.

ಕಂಪೈಲರ್, ಇಂಟರ್‌ಪ್ರಿಟರ್ ಅಲ್ಲದೆ ಮೂರನೆಯದೊಂದಿದೆ, ಅದು ಇವೆರಡರ ಪೈಕಿಯೇ ಅಲ್ಲ ಎನ್ನುತ್ತಿದ್ದರು ಮೇಷ್ಟ್ರು. ಅದೇ ಎಮ್ಯುಲೇಟರ್. ನಮ್ಮ ಲ್ಯಾಬಿನಲ್ಲಿ ಹಳೆಯ ಕಾಲದ ಮೈಕ್ರೊಪ್ರೊಸೆಸರ್ ಕಿಟ್ಟುಗಳಿದ್ದವು. ಹಸಿರು ಬೋರ್ಡಿನ ಮೇಲೆ ಒಂದಿಷ್ಟು ಕೀಗಳು, ಕೆಂಪಗೆ ಉರಿಯುವ ಆರು ಅಂಕಿಗಳು. ವರ್ಷಕ್ಕೆರಡು ಮೂರರಂತೆ ಸಾಯುತ್ತಿದ್ದವು. ಅವೆಲ್ಲ ಸಾಯುವುದರೊಳಗೆ ಸಾಧಾರಣ ಕಂಪ್ಯೂಟರನ್ನೇ ಆ ಕಿಟ್ಟಿನಂತೆ ನಡೆಯುವ ಹಾಗೆ ಮಾಡಬೇಕೆಂದು ಅವರು ಎರಡು ವರ್ಷದಿಂದ ಕೂತು ಒಂದು ಎಮ್ಯುಲೇಟರ್ ಬರೆಯುತ್ತಿದ್ದರು.

"ಕಂಪೈಲರ್ರೂ ಇಂಟರ್‌ಪ್ರಿಟರ್ರೂ ಮಾತಿನ ಕೆಲ್ಸದೋರು ಕಣ್ರೋ. ನೀವು ಬರ್ದಿದ್ದನ್ನ ಮಿಷನ್‌ಗೆ ತಿಳಿಯಂಗೆ ಮಾಡೋರು. ಎಮ್ಯುಲೇಟರ್ ಅಂಗಲ್ಲ. ಅದು ಇನ್ನೊಂದು ಮಿಷನ್ನೇ ಆಗ್ಬುಡೋದು. ನಮ್ಮ ದೊಡ್ಡವ್ವನ ಮೈಮೇಲೆ ಸತ್ತೋಗಿದ್ದ ನಮ್ಮ ತಾತ ಬರೋನು. ಬಂದ ಅಂದ್ರೆ ಬೀಡಿ ಕೇಳೋಳು, ತಾತನಂಗೇ ಕೆಮ್ಮೋಳು, ಎಡಗಾಲು ಎಳೀತಾ ನಡೆಯೋಳು. ಅವ್ಳ ಕಾಲು ನೆಟ್ಟಗಿತ್ತು! ಬರೀ ತಾತನ ಮಾತು ಹೇಳಿದ್ರೆ ಸಾಲ್ದು, ತಾತನ ಕುಂಟೂ ಬರ್ಬೇಕು. ಆಗ ಅದು ಎಮ್ಯುಲೇಟರ್."

ಅದನ್ನು ಹಾಗೆಯೇ ಬರೆದಿದ್ದರು. ಹೊಸ ಕಂಪ್ಯೂಟರಿನ ಕಾಲು ಕಟ್ಟಿ ಹಳೆಯ ಕಿಟ್ಟಿನಷ್ಟೇ ನಿಧಾನವಾಗಿ ಓಡುವಂತೆ ಮಾಡಿದ್ದರು. ಕಿಟ್ಟಿನಲ್ಲಿ ಒಂದು ಕೀ ಒತ್ತಿದರೆ ಕೆಲವು ಸಲ ಎರಡು ಸಲ ಒತ್ತಿದ ಹಾಗಾಗುತ್ತಿತ್ತು, ಎಮ್ಯುಲೇಟರಿನಲ್ಲಿ ಅದೂ ಬರುತ್ತಿತ್ತು.

ಹೊಡೆಯುವುದು ಅವರಿಗೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋಗಬೇಕಿಲ್ಲ. ಒಮ್ಮೆ ಲ್ಯಾಬಿನ ನಲ್ಲಿ ಕಿತ್ತುಕೊಂಡು ಅವರ ಮೈಯೆಲ್ಲ ನೆನೆದಾಗ ಅಂಗಿ ಬಿಚ್ಚಿ ಹಿಂಡಿದರು. ಬೆನ್ನಿನ ಮೇಲೆ ಅಡ್ಡಡ್ಡ ಬರೆಗಳು, ಬಿಳಿಚಿಕೊಂಡಿದ್ದವು. ನಾವು ನೋಡುತ್ತಿರುವುದು ಗೊತ್ತಾಗಿ, "ನಮ್ಮಪ್ಪಂದು. ಬಾರುಕೋಲು. ಎತ್ತಿಗೆ ಒಂದು, ನಂಗೆ ಎರಡು" ಅಂದರು, ಯಾವುದೋ ಹಳೆಯ ಸರ್ಟಿಫಿಕೇಟು ತೋರಿಸಿದ ಹಾಗೆ. ಅಂಗಿ ಹಾಕಿಕೊಂಡು ಪಾಠ ಮುಂದುವರಿಸಿದರು.

ಇನ್ನೊಮ್ಮೆ ವಿದ್ಯಾರ್ಥಿಯೊಬ್ಬನ ತಂದೆ, ಮಂಡಿ ಮೊಹಲ್ಲಾದ ಸಗಟು ವ್ಯಾಪಾರಿ, ಇಬ್ಬರನ್ನು ಜೊತೆಗೆ ಕರೆದುಕೊಂಡು ಕಾಲೇಜಿಗೆ ನುಗ್ಗಿದರು. ಮಗನ ಬೆನ್ನು ನೀಲಿಗಟ್ಟಿತ್ತು. ಕಾರಿಡಾರಿನಲ್ಲಿ ಮೂವರೂ ಮೇಷ್ಟ್ರ ಮೇಲೆ ಬಿದ್ದರು. ಹೆಲ್ಮೆಟ್ಟಿನಿಂದ ಬೀಸಿದ ಏಟಿಗೆ ಅವರ ಹುಬ್ಬು ಒಡೆದು ಮುಖವೆಲ್ಲ ರಕ್ತವಾಯಿತು. ಅವರು ಆ ವ್ಯಾಪಾರಿಯ ಬೆರಳನ್ನು ಹಿಂದಕ್ಕೆ ಮಡಿಸಿದಾಗ ಲಟಕ್ಕೆಂದ ಸದ್ದು ಮೂರನೆಯ ಕೊಠಡಿಗೂ ಕೇಳಿಸಿತು. ಪ್ರಿನ್ಸಿಪಾಲರು ಬಂದು ಕೈಮುಗಿದು ಎಲ್ಲರನ್ನೂ ಬಿಡಿಸಿದರು. ಮರುದಿನ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದ ಮೇಷ್ಟ್ರು, ಅದೇ ಹುಡುಗನನ್ನು ಮುಂದಿನ ಬೆಂಚಿಗೆ ಕರೆದು, "ನಿಂಗೆ ನಿನ್ನೆ ಕ್ಲಾಸ್ ತಪ್ಪೋಯ್ತಲ್ಲಪ್ಪ, ಕೂತ್ಕೊ" ಎಂದು ಹಿಂದಿನ ದಿನದ್ದನ್ನೆಲ್ಲ ಮತ್ತೆ ಹೇಳಿಕೊಟ್ಟರು. ಇದನ್ನು ದೊಡ್ಡತನ ಎನ್ನಬೇಕೋ ಭಂಡತನ ಎನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಇನ್ನು ನನ್ನ ವಾಕ್ಯಕ್ಕೆ ಬರುತ್ತೇನೆ.

ಎರಡನೆಯ ವರ್ಷದ ಕೊನೆ. ಅವತ್ತು ಮಧ್ಯಾಹ್ನ ಲ್ಯಾಬಿನ ಜವಾಬ್ದಾರಿ ನನ್ನದು. ಮೇಷ್ಟ್ರ ಎಮ್ಯುಲೇಟರ್ ಇದ್ದದ್ದು ಕಿಟಕಿ ಪಕ್ಕದ ಒಂದೇ ಕಂಪ್ಯೂಟರಿನಲ್ಲಿ, ಬೇರೆಲ್ಲೂ ಪ್ರತಿ ಇರಲಿಲ್ಲ. ಮೊದಲ ದಿನ ಕಂಪೈಲರ್ ಆಗಿದ್ದಳಲ್ಲ, ಆ ಹುಡುಗಿ ತನ್ನ ಹಳೆಯ ಫೈಲುಗಳನ್ನು ಅಳಿಸಲು ಹೋಗಿ ಅವರ ಇಡೀ ಫೋಲ್ಡರನ್ನೇ ಅಳಿಸಿಬಿಟ್ಟಳು. ನಾನು ಏನೇನೋ ಮಾಡಿ ನೋಡಿದೆ, ಬರಲಿಲ್ಲ. ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತಳು. ಅಷ್ಟರಲ್ಲಿ ಮೇಷ್ಟ್ರು ಬಂದರು. ಖಾಲಿ ಪರದೆ ನೋಡಿದರು. ಮುಖ ಬೂದಿಯಾಯಿತು.

"ಯಾರು ಮಾಡಿದ್ದು?"

ನಾನು ಹೇಳಬೇಕೆಂದಿದ್ದ ವಾಕ್ಯ ಇದು: "ನಾನೇ ಡಿಲೀಟ್ ಮಾಡ್ಬುಟ್ಟೆ ಅಂತ ಅವ್ಳು ಮೆಟ್ಲತ್ರ ಅಳ್ತಾ ನಿಂತವ್ಳೆ ಸಾರ್, ಹೊಡೀಬೇಡಿ." ಕನ್ನಡದಲ್ಲಿ ನಾವು ಮಾತಾಡುವುದೇ ಹೀಗೆ. ಯಾರೋ ಆಡಿದ ಮಾತನ್ನು ಮೊದಲು ಅವರ ಬಾಯಲ್ಲೇ ಆಡಿಬಿಡುತ್ತೇವೆ. ಅದು ನಮ್ಮ ಮಾತಲ್ಲ, ಅವರದು ಎಂದು ತಿಳಿಸುವ 'ಅಂತ' ಬರುವುದು ಆಮೇಲೆ. ಅಲ್ಲಿಯವರೆಗೆ ಕಾಯುವ ವ್ಯವಧಾನ ಕೇಳುವವನಿಗಿರಬೇಕು. ಒಂದೊಂದೇ ತುಂಡು ಕೇಳಿ, ಕೇಳಿದ್ದಕ್ಕೆ ಕೈ ಎತ್ತುವವನ ಮುಂದೆ ಕನ್ನಡ ಮಾತಾಡುವುದು ಬಲು ಅಪಾಯ.

"ನಾನೇ ಡಿಲೀಟ್ ಮಾಡ್ಬುಟ್ಟೆ" ಅನ್ನುವಷ್ಟರಲ್ಲಿ ಏಟು ಬಿತ್ತು.

ಅಂಥ ಏಟನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಲೆಯೊಳಗೆ ಬಟ್ಟೆ ಹರಿದ ಸದ್ದಾಯಿತು. ಕುರ್ಚಿಯ ಸಮೇತ ಉರುಳಿದೆ. ಕಾಲರ್ ಹಿಡಿದು ಎತ್ತಿ ಇನ್ನೆರಡು ಬಾರಿಸಿದರು, ಬಿದ್ದ ಮೇಲೆ ಷೂಗಾಲಿನಿಂದ ಪಕ್ಕೆಗೆ ಒದ್ದರು. "ಎರಡು ವರ್ಷ ಕಣೋ! ಎರಡು ವರ್ಷ!" ಎಂದು ಕಿರುಚುತ್ತಿದ್ದರು. ನಾಲ್ಕು ಜನ ಸೇರಿ ಅವರನ್ನು ಎಳೆದು ನಿಲ್ಲಿಸಿದರು. ಕಿವಿಯಿಂದ ಬೆಚ್ಚಗೆ ಏನೋ ಕುತ್ತಿಗೆಗೆ ಇಳಿಯುತ್ತಿತ್ತು. ನಾನು ಮಾತಾಡುತ್ತಲೇ ಇದ್ದೆನಂತೆ, ಆದರೆ ಏನು ಹೇಳುತ್ತಿದ್ದೇನೆಂದು ಯಾರಿಗೂ ತಿಳಿಯಲಿಲ್ಲವಂತೆ.

ಮಂಡಿ ಮೊಹಲ್ಲಾದಲ್ಲಿ ನಮ್ಮಪ್ಪನದು ಸಣ್ಣ ಲೇತ್ ವರ್ಕ್‌ಶಾಪು. ಆಸ್ಪತ್ರೆಯಲ್ಲಿ ಕಿವಿಗೆ ಹತ್ತಿ ತುರುಕಿಸಿಕೊಂಡು ಅಲ್ಲಿಗೆ ಹೋದೆ. ಅಪ್ಪ ಮಿಷನ್ ನಿಲ್ಲಿಸಿ "ಏನ್ಲಾ ಮಾಡ್ದೆ?" ಎಂದು ಕೇಳಿದರು. ನಾನು ಮತ್ತೆ ಅದೇ ವಾಕ್ಯ ಶುರುಮಾಡಿದೆ, "ನಾನೇ ಡಿಲೀಟ್ ಮಾಡ್ಬುಟ್ಟೆ" ಎನ್ನುವಲ್ಲಿಗೆ ಬಂದಾಗ ಅಪ್ಪನ ಕೈ ಬಲಗೆನ್ನೆಗೆ ಬಿತ್ತು. ಆಮೇಲೆ ಅದೇ ಎಣ್ಣೆಗೈಯಲ್ಲಿ ಸ್ಪ್ಯಾನರ್ ಹಿಡಿದು ಕಾಲೇಜಿಗೆ ಹೋದರು. ತಪ್ಪು ಮಾಡಿದ್ದಕ್ಕೆ ನನಗೆ, ಮಗನನ್ನು ಹೊಡೆದದ್ದಕ್ಕೆ ಮೇಷ್ಟ್ರಿಗೆ. ಅಪ್ಪನ ನ್ಯಾಯ ಅಷ್ಟು ಸ್ಪಷ್ಟ. ಮೇಷ್ಟ್ರು ತಪ್ಪಿಸಿಕೊಳ್ಳಲಿಲ್ಲವಂತೆ, ಕೈಯನ್ನೂ ಎತ್ತಲಿಲ್ಲವಂತೆ. ಭುಜದ ಮೇಲೆ ಸ್ಪ್ಯಾನರ್ ಏಟು ತಿಂದು ಗೋಡೆಗೆ ಒರಗಿ, "ಇನ್ನೊಂದು ಹಾಕಿ ಯಜಮಾನ್ರೇ" ಅಂದರಂತೆ. ಅಪ್ಪನಿಗೆ ಇನ್ನೊಂದು ಹಾಕಲು ಆಗಲಿಲ್ಲ.

ಆ ಹುಡುಗಿ ನಮ್ಮ ಮನೆಗೆ ಬಂದು ಅತ್ತಳು. "ನಾನೇ ಹೋಗಿ ಹೇಳ್ತೀನಿ ಕಣೋ, ನೀನು ಹೇಳ್ಬೇಡ" ಅಂದಳು. ಒಂದು ವಾರದ ಮೇಲೆ, ಹೇಳಿದೆ ಎಂದಳು. ಹೇಳಿದಳೋ, ನನ್ನ ಬಾಯಿ ಮುಚ್ಚಿಸಲು ಹಾಗೆಂದಳೋ ನನಗೆ ಖಾತ್ರಿಯಿಲ್ಲ. ಮೇಷ್ಟ್ರ ನಡೆಯಲ್ಲಂತೂ ಏನೂ ಬದಲಾಗಲಿಲ್ಲ. ನಾನು ಎರಡು ಸಲ ಅವರ ಕೋಣೆಗೆ ಹೋಗಿ "ಸಾರ್, ಅವತ್ತು..." ಎಂದು ಶುರುಮಾಡಿದೆ. ಎರಡು ಸಲವೂ "ಆ ವಿಷ್ಯ ಎತ್ಬೇಡ" ಎಂದು ಬಾಗಿಲು ತೋರಿಸಿದರು. ಎಮ್ಯುಲೇಟರನ್ನು ಮೊದಲಿನಿಂದ ಮತ್ತೆ ಬರೆದರು. ಎರಡು ವರ್ಷದ ಕೆಲಸ ಐದು ತಿಂಗಳಿಗೆ ಮುಗಿಯಿತು.

ಡಿಪ್ಲೊಮಾ ಮುಗಿದು ಒಂದೆರಡು ಕಡೆ ಅಲೆದ ಮೇಲೆ, ಅದೇ ಕಾಲೇಜಿನಲ್ಲಿ ಲ್ಯಾಬ್ ಬೋಧಕನ ಕೆಲಸ ಖಾಲಿಯಾಯಿತು. ಮೇಷ್ಟ್ರೇ ಹೇಳಿಕಳಿಸಿ ಕೊಡಿಸಿದರು. ಹೋಗಬಾರದಿತ್ತು ಎಂದು ಗೆಳೆಯರು ಉಗಿದರು. ನಾನು ಹೋದದ್ದು ಸಂಬಳಕ್ಕಲ್ಲ, ನನ್ನ ವಾಕ್ಯ ಮುಗಿಸುವುದಕ್ಕೆ ಎಂದರೆ ಯಾರೂ ನಂಬಲಾರರು. ಮೊದಲ ದಿನದಿಂದಲೇ ಒಂದು ವಿಚಿತ್ರ ಗಮನಿಸಿದೆ. ನನ್ನ ಜೊತೆ ಮಾತಾಡಬೇಕಾದರೆ ಅವರು ಸುತ್ತು ಹಾಕಿಕೊಂಡು ಬಂದು ನನ್ನ ಬಲಗಡೆಗೇ ನಿಲ್ಲುತ್ತಿದ್ದರು. ಕ್ಯಾಂಟೀನಿನಲ್ಲಿ ಬೇರೆ ಯಾರಾದರೂ ಆ ಬದಿಯ ಕುರ್ಚಿಯಲ್ಲಿ ಕೂತಿದ್ದರೆ ಎಬ್ಬಿಸಿ ಕೂರುತ್ತಿದ್ದರು. ಹದಿಮೂರು ವರ್ಷದಲ್ಲಿ ಒಂದು ದಿನವೂ ತಪ್ಪಲಿಲ್ಲ. ನಾನು 'ಅವತ್ತು' ಎಂದು ಬಾಯಿ ತೆರೆದರೆ ಮಾತ್ರ ಎದ್ದುಹೋಗುತ್ತಿದ್ದರು. ಕಿವಿ ಹೋಗಿರುವುದು ಇವರಿಗೆ ನೆನಪಿದೆ. ನಾನು ತಪ್ಪು ಮಾಡಿರಲಿಲ್ಲ ಎಂಬುದು ಗೊತ್ತಿದೆಯೇ? ಇದೊಂದು ಪ್ರಶ್ನೆ ನನ್ನೊಳಗೆ ಮುಳ್ಳಿನ ಹಾಗೆ ಇತ್ತು.

ನಾನಂತೂ ಯಾರ ಮೈಯನ್ನೂ ಮುಟ್ಟಲಿಲ್ಲ. ಇದು ನನ್ನ ಜಂಬ. ವಿದ್ಯಾರ್ಥಿ ಏನು ಮಾಡಿದರೂ "ಪೂರ್ತಿ ಹೇಳಪ್ಪ, ಪೂರ್ತಿ ಹೇಳಮ್ಮ" ಎನ್ನುತ್ತಿದ್ದೆ. ಬೆನ್ನ ಹಿಂದೆ ನನಗೆ 'ಪೂರ್ತಿ ಸಾರ್' ಎಂದು ಹೆಸರಿಟ್ಟಿದ್ದರು. ಮೇಷ್ಟ್ರು ಮಾತ್ರ ಹೊಡೆಯುತ್ತಲೇ ಇದ್ದರು. ಡಸ್ಟರು, ಸ್ಕೇಲು, ಒಮ್ಮೆ ಕೀಬೋರ್ಡು. ಒಬ್ಬನ ಬೆನ್ನ ಮೇಲೆ ಅದು ಎರಡು ತುಂಡಾಗಿ ಕೀಗಳೆಲ್ಲ ಹುರುಳಿಕಾಳಿನ ಹಾಗೆ ನೆಲದ ಮೇಲೆ ಚೆಲ್ಲಿದ್ದವು. ಬಿಡಿಸಲು ಹೋಗಿ ನನ್ನ ಮೂಗೂ ಒಡೆದಿತ್ತು.

ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ನಾನು ಬೇಕೆಂದೇ ಕೆಣಕಿದೆ. "ಸಾರ್, ಈಗಿನ ಇಂಟರ್‌ಪ್ರಿಟರ್‌ಗಳೂ ನೀವು ಹೇಳ್ಕೊಟ್ಟಂಗಿಲ್ಲ. ಮೊದ್ಲು ಇಡೀ ಫೈಲ್ ಓದ್ಕೊಂಡು, ಒಳಗೊಳಗೇ ಬೇರೆ ರೂಪಕ್ಕೆ ತರ್ಜುಮೆ ಮಾಡ್ಕೊಂಡು, ಆಮೇಲೆ ಶುರು ಮಾಡ್ತವೆ. ಐದನೇ ಸಾಲಿನ ಅಕ್ಷರ ಗೋಜಲಾಗಿದ್ರೆ ಮೊದಲ್ನೇ ಸಾಲೂ ಓಡಲ್ಲ."

"ಗೊತ್ತು ಕಣೋ. ಅವೂ ಬುದ್ಧಿ ಕಲ್ತವೆ."

"ಮತ್ತೆ ನೀವು?"

ಕಪ್ಪು ಕೆಳಗಿಟ್ಟರು. ಕೈ ಮುಷ್ಟಿಯಾಯಿತು, ನಾನು ಮುಖ ಹಿಂದಕ್ಕೆ ಸರಿಸಿದೆ. ಅವರು ಅದನ್ನು ನೋಡಿದರು. "ನಂಗೆ ವಯಸ್ಸಾಯ್ತು ಬುಡು" ಎಂದು ಎದ್ದುಹೋದರು.

ಅವರ ಕಾಲ ಮುಗಿದದ್ದು ಒಂದು ಮೊಬೈಲಿನಿಂದ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಅವರು ಒಬ್ಬನ ತಲೆಯನ್ನು ಮೇಜಿಗೆ ಅಪ್ಪಳಿಸುವುದನ್ನು ವಿಡಿಯೊ ಮಾಡಿದಳು. ಸಂಜೆಯೊಳಗೆ ಊರೆಲ್ಲ ನೋಡಿತು. ಆಡಳಿತ ಮಂಡಳಿಯವರು ಕರೆದು, ಆರೋಗ್ಯದ ಕಾರಣ ಕೊಟ್ಟು ಹೋಗಿ ಅಂದರು. ನಿವೃತ್ತಿಗೆ ಒಂದು ವರ್ಷ ಇತ್ತು. ಹಾರ, ಶಾಲು ಏನೂ ಇಲ್ಲದೆ ಹೋದರು. ಆ ಹುಡುಗಿ ಮಾಡಿದ್ದು ಸರಿ ಎಂದು ನಾನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿಯೇ ಹೇಳಿದೆ. ಹೇಳಿ, ಅವರ ಚೀಲವನ್ನು ಸ್ಕೂಟರಿನವರೆಗೆ ನಾನೇ ಹೊತ್ತುಕೊಟ್ಟು ಬಂದೆ.

ಅವರ ಮನೆ ಬೋಗಾದಿಯಲ್ಲಿ. ಅವರು ಕಟ್ಟಿಸಿದಾಗ ಸುತ್ತ ಹೊಲವಿತ್ತಂತೆ, ಈಗ ಮೂರೂ ಕಡೆ ಬಾಡಿಗೆ ಮನೆಗಳು ಏಳುತ್ತಿವೆ. ಹೋದ ವರ್ಷ ಸಕ್ಕರೆ ಕಾಯಿಲೆ ಜೋರಾಗಿ ಬಲಗಾಲಿನ ಬೆರಳು ತೆಗೆಸಿದರೆಂದು ಕೇಳಿ ನೋಡಲು ಹೋದೆ. ಮುಂಬಾಗಿಲ ಹತ್ತಿರ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಕತ್ತರಿಸುವ ಮಿಷನ್ ಕೂಗುತ್ತಿತ್ತು. ಅವರ ಕೈ ನೋಡಿ ನನಗೆ ಗಾಬರಿಯಾಯಿತು. ಚರ್ಮ ಜೋತು ಬಿದ್ದು, ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತಿತ್ತು. ಆ ಕೈಗೆ ಇನ್ನು ನೊಣ ಓಡಿಸುವಷ್ಟೂ ಶಕ್ತಿಯಿರಲಿಲ್ಲ. ಅವರ ಹೆಂಡತಿ, ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದವರು, "ಕೂತ್ಕೊಳಪ್ಪ, ಕಾಫಿ ತರ್ತೀನಿ" ಎಂದು ಒಳಗೆ ಹೋದರು.

ಈಗಲ್ಲದಿದ್ದರೆ ಇನ್ನಿಲ್ಲ ಎನ್ನಿಸಿತು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. "ಸಾರ್, ಒಂದು ಮಾತು ಹೇಳ್ಬೇಕು. ನಡುವೆ ಬಾಯಿ ಹಾಕ್ಬಾರ್ದು." ಅವರು ತಲೆಯಾಡಿಸಿದರು. ನಾನು ಹೇಳಿದೆ. "ನಾನೇ ಡಿಲೀಟ್ ಮಾಡ್ಬುಟ್ಟೆ ಅಂತ ಅವ್ಳು ಮೆಟ್ಲತ್ರ ಅಳ್ತಾ ನಿಂತವ್ಳೆ ಸಾರ್, ಹೊಡೀಬೇಡಿ." ನಲವತ್ತು ದಾಟಿದ ಗಂಡಸು ನಾನು, ಹದಿನೆಂಟರ ಹುಡುಗನ ದನಿಯಲ್ಲಿ ಹೇಳಿದೆ. ಕೊನೆಯ ಪದದವರೆಗೆ ಕೇಳಿಸಿಕೊಂಡರು. ಮಿಷನ್ ನಿಲ್ಲುವವರೆಗೂ ಕಾದು ಬಾಯಿ ತೆರೆದರು.

"ಗೊತ್ತಿತ್ತು ಕಣೋ ನಂಗೆ. ಅವತ್ತೇ ಗೊತ್ತಿತ್ತು ಅಂ..."

ನನ್ನ ಕೈ ಬಿದ್ದುಹೋಗಿತ್ತು.

ಎತ್ತಿದ್ದು ನನಗೆ ಗೊತ್ತಿಲ್ಲ. ಅವರ ಕನ್ನಡಕ ಹಾರಿ ಚಪ್ಪಲಿಗಳ ನಡುವೆ ಬಿದ್ದದ್ದು ಗೊತ್ತು. ಅಂಗೈ ಉರಿಯುತ್ತಿದ್ದದ್ದು ಗೊತ್ತು. ಅವರ ತಲೆ ಒಂದು ಪಕ್ಕಕ್ಕೆ ವಾಲಿ, ಬಿಳಿ ಗಡ್ಡದ ಕುರುಚಲಿನ ಮೇಲೆ ಎಂಜಲು ಇಳಿಯಿತು. ಇಪ್ಪತ್ತು ವರ್ಷದ ಸಿಟ್ಟು ಒಟ್ಟಿಗೆ ಹೊರಗೆ ಬಂದಿತ್ತು, ಮತ್ತು ಆ ಒಂದು ಕ್ಷಣ ನನಗೆ ಹಾಯೆನಿಸಿತು. ಅದನ್ನೂ ಬರೆಯದೆ ಇರಲಾರೆ. ಆಮೇಲೆ ಕಿವಿಯಲ್ಲಿ ಅವರ ಮಾತು ಮತ್ತೆ ಕೇಳಿತು. ಗೊತ್ತಿತ್ತು ಅಂ. ಅಂತ ಏನು? ಗೊತ್ತಿತ್ತು ಅಂತ ಸುಳ್ಳು ಹೇಳಲೇ ಎಂದೇ? ಗೊತ್ತಿತ್ತು ಅಂತ ಹೇಳಲು ಧೈರ್ಯ ಬರಲಿಲ್ಲ ಎಂದೇ? ಗೊತ್ತಿತ್ತು ಅಂತ ನೀನು ತಿಳಿದುಕೊಂಡಿದ್ದರೆ ಅದು ತಪ್ಪು ಎಂದೇ? ಆ ಮೂರು ಮಾತೂ ಮೂವರು ಬೇರೆ ಬೇರೆ ಮನುಷ್ಯರದು.

ನಾನು ಕನ್ನಡಕ ಎತ್ತಿ ಒರೆಸಿ ಅವರ ಮೂಗಿನ ಮೇಲೆ ಇಟ್ಟೆ. "ಸಾರ್, ಏನೋ ಹೇಳ್ತಿದ್ರಿ. ಹೇಳಿ ಸಾರ್. ಪೂರ್ತಿ ಹೇಳಿ."

ಅವರು ನಾಲಿಗೆಯಿಂದ ಕೆನ್ನೆಯನ್ನು ಒಳಗಿನಿಂದ ಮುಟ್ಟಿ ನೋಡಿಕೊಂಡರು. "ಮರ್ತೋಯ್ತು ಬುಡು" ಅಂದರು.

ಅಮ್ಮ ಕಾಫಿ ತಂದರು. ಗಂಡನ ಮುಖ ನೋಡಿ, "ಇದೇನ್ರೀ, ಕೆನ್ನೆ ಇಂಗೆ ಕೆಂಪಾಗದೆ?" ಎಂದು ಗಾಬರಿಯಾದರು. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಸೊಳ್ಳೆ ಕೂತಿತ್ತು ಕಣೇ. ಇವ್ನು ಹೊಡ್ದ" ಅಂದರು. ಅಮ್ಮ ನಕ್ಕು, "ಗುರುಗಳಿಗೆ ಅಷ್ಟು ಜೋರಾಗಿ ಹೊಡೀತಾರೇನಪ್ಪ" ಎಂದು ಲೋಟ ಕೈಗಿಟ್ಟರು.

ಮತ್ತೆ ಹೋಗಬೇಕು, ಕಾಲು ಹಿಡಿದಾದರೂ ಕೇಳಬೇಕು ಎಂದು ಪ್ರತಿ ಭಾನುವಾರ ಅಂದುಕೊಂಡೆ. ಬೋಗಾದಿ ರಸ್ತೆಯ ತಿರುವಿನವರೆಗೆ ಮೂರು ಸಲ ಹೋದೆ. ಅಲ್ಲಿಂದ ಸ್ಕೂಟರ್ ತಿರುಗಿಸಿದೆ. ಅವರ ಮುಖ ನೋಡಲು ನಾಚಿಕೆಯಾಯಿತು. ಹೊಡೆದವನಿಗೂ ಬಾಗಿಲು ದಾಟುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಎಂಟು ತಿಂಗಳು ಹೀಗೆ ಕಳೆಯಿತು. ಅಷ್ಟರಲ್ಲಿ ಅವರು ಹೋದರು.

ಮೊನ್ನೆ ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ನೀನು ಆಮೇಲೆ ಬರ್ಲೇ ಇಲ್ವಲ್ಲಪ್ಪ. ದಿನಾ ಕೇಳೋರು. ಅವ್ನಿಗೊಂದು ಮಾತು ಅರ್ಧ ಹೇಳಿದೀನಿ, ಬಾಕಿ ಹೇಳ್ಬೇಕು ಅನ್ನೋರು. ನಂಗೇಳಿ, ನಾನು ಫೋನ್ ಮಾಡಿ ಹೇಳ್ತೀನಿ ಅಂದ್ರೆ, ಬ್ಯಾಡ, ಅವ್ನು ಬರ್ಲಿ ಅಂತ ಬಾಗ್ಲು ಕಡೆಗೇ ಮುಖ ಮಾಡ್ಕೊಂಡು ಕೂತಿರೋರು. ಏನಪ್ಪ ಅದು ಮಾತು? ನಿಂಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಅಮ್ಮ, ಅಂದೆ.